ನೀರುಗಂಟಿಗೆ ನಾನು ಮಾಡಿದ್ದು

ಎಕ್ಕಂಬಿ ಕಡೆಯ ಒಂದು ಕೆರೆಗೆ ನಾನು ಕಂಪ್ಯೂಟರ್ ಮಾದರಿ ಮಾಡಿಕೊಟ್ಟೆ. ಯಾವ ಗದ್ದೆಗೆ, ಯಾವ ವಾರ, ಎಷ್ಟು ನೀರು ಬೇಕು ಎಂದು ಅದು ಮುಂಚೆಯೇ ಹೇಳಬೇಕು. ನಾನೋ ಸಿದ್ದಾಪುರದ ಅಡಿಕೆ ತೋಟದವರ ಪೈಕಿ, ಭತ್ತದ ಗದ್ದೆ ನನಗೆಂತ ಗೊತ್ತು? ಮಣ್ಣಿನ ಪರೀಕ್ಷೆ, ಮಳೆಯ ಅಂಕಿ ಎಲ್ಲ ತುಂಬಿದರೂ ಬರುವ ಉತ್ತರಕ್ಕೆ ತಲೆಬುಡ ಇರಲಿಲ್ಲ. ಕೊನೆಗೆ ಆ ಊರ ನೀರುಗಂಟಿಯ ಬೆನ್ನು ಹತ್ತಿದೆ.

ಮೂವತ್ತು ವರ್ಷ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಿದ ಮುದುಕರು ಅವರು. ಅದಕ್ಕೆ ಸುಗ್ಗಿಯಲ್ಲಿ ಮನೆಗೊಂದು ಹೊರೆ ಭತ್ತ. ಆದರೆ ಊರೆಲ್ಲ ತಮ್ಮ ಮಾತಿಗೆ ಕಾಯುತ್ತದೆ ಎಂಬುದೇ ಅವರಿಗೆ ಹೊರೆಗಿಂತ ದೊಡ್ಡದು. ಕಾಲುವೆಗೆ ಇಳಿದು ನಿಂತು, ಹಿಮ್ಮಡಿ ಮುಳುಗಿತೋ ಪಾದದ ಗಂಟು ಮುಳುಗಿತೋ ನೋಡಿ, ಇಷ್ಟು ಹೊತ್ತು ಸಾಕು ಎನ್ನುತ್ತಿದ್ದರು. ನಾನು ಟೇಪು ಹಿಡಿದು ಅವರ ಕಾಲನ್ನೇ ಅಳೆದೆ. ನಗುತ್ತ ಪಂಚೆ ಎತ್ತಿಕೊಂಡು ನಿಂತರು, ಪುಣ್ಯಾತ್ಮ. ಎರಡು ಬೆಳೆ ನನ್ನ ಜೊತೆ ತಿರುಗಿದರು. ಏಡಿ ಬದು ಕೊರೆಯುವ ಗದ್ದೆ ಯಾವುದು, ಮರಳು ಮಣ್ಣಿನದು ಯಾವುದು, ಒಂದನ್ನೂ ಮುಚ್ಚಿಡಲಿಲ್ಲ.

ಅವರು ಹೇಳಿದ್ದನ್ನು ತುಂಬಿದ ಮೇಲೆ ಮಾದರಿ ಸರಿಹೋಯಿತು. ಕೆರೆ ಸಂಘದವರು ತೂಬಿಗೆ ಮೋಟಾರು ಗೇಟು ಕೂರಿಸಿದರು, ನೀರಿನ ಸರದಿ ರೈತರ ಫೋನಿಗೇ ಬರತೊಡಗಿತು. ಸಭೆಯಲ್ಲಿ ಅಧ್ಯಕ್ಷರು ನನಗೆ ಶಾಲು ಹೊದೆಸಿದರು, ಅದರ ಬೆನ್ನಿಗೇ ಇನ್ನು ನೀರುಗಂಟಿ ಬೇಡ ಎಂದರು. ಮುದುಕರು ಹಿಂದಿನ ಸಾಲಿನಲ್ಲೇ ಕೂತಿದ್ದರು. ಇವರಿಲ್ಲದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ ಎಂದು ನಾನು ಎದ್ದು ಹೇಳಬೇಕಿತ್ತು. ಬಾಯಿಗೆ ಕಡುಬು ತುರುಕಿಕೊಂಡವನ ಹಾಗೆ ಕೂತೆ. ಹೇಳಿದರೆ ಹೊಗಳಿಕೆಯಲ್ಲಿ ಪಾಲು ಹೋದೀತು ಎಂಬ ಚಿಲ್ಲರೆ ಬುದ್ಧಿ, ಮತ್ತೆಂತದೂ ಅಲ್ಲ.

ಮುಂದಿನ ಸೋಮವಾರ ಮುದುಕರು ಬಸ್ಸು ಹತ್ತಿ ಶಿರಸಿಯ ನನ್ನ ಆಫೀಸಿಗೆ ಬಂದರು. ಕೊಟ್ಟ ಚಾ ಮುಟ್ಟಲಿಲ್ಲ. ಕುರ್ಚಿಯ ತುದಿಗೆ ಕೂತು, ತಗ್ಗಿದ ದನಿಯಲ್ಲಿ ಕೇಳಿದರು:

"ನಾ ಹೇಳಿದ್ದರಾಗ ಎಲ್ಲಿ ತಪ್ಪಾತ್ರಿ ಸಾಹೇಬ್ರ? ಅದನ್ನೊಂದು ತೋರಿಸ್ರಿ, ತಿದ್ಕೋತೀನಿ."

ತಪ್ಪು ಹೇಳಿದ್ದಕ್ಕೆ ತಮ್ಮನ್ನು ಕೆಲಸದಿಂದ ಬಿಡಿಸಿದರು ಎಂದುಕೊಂಡಿದ್ದರು. ಒಂದೂ ತಪ್ಪಿರಲಿಲ್ಲ, ಬಿಡಿಸಿದ್ದೇ ಅದಕ್ಕೆ. ಅದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ? ಇನ್ನೊಮ್ಮೆ ನೋಡಿ ಹೇಳುತ್ತೇನೆ ಅಂದುಬಿಟ್ಟೆ. ಹಾಗಾದರೆ ಬರುವ ವಾರ ಬರುತ್ತೇನೆಂದು ಎದ್ದರು. ಆಮೇಲೆ ಮೂರು ಸೋಮವಾರ ಬಂದರು, ಮೂರು ಸಲವೂ ನೋಡುತ್ತಿದ್ದೇನೆ ಅಂದೆ. ಅದರ ಮುಂದಿನ ಸೋಮವಾರ ಅವರು ಆಫೀಸಿನ ಗೇಟು ದಾಟಿ ಬರುವುದು ಕಿಟಕಿಯಲ್ಲಿ ಕಂಡಿತು. ನಾನಿಲ್ಲ ಎಂದು ಹೇಳಿ ಕಳಿಸಿದೆ.