ಮೆಥಡಿಸ್ಟರ ಬಾಗಿಲಿಗೆ ತೆಂಗಿನಕಾಯಿ

ಪುಟ್ಟಿ, ಇದನ್ನು ನಿನ್ನ ತಮ್ಮನಿಗೂ ಓದಿ ಹೇಳು. ಅವನು ಆಗಿನ್ನೂ ಹುಟ್ಟಿರಲಿಲ್ಲ.

ದೇಶ ಬಿಟ್ಟು ಬಂದು ನಾವಿದ್ದ ಪುಂಗೋಲಿನ ಮನೆಯ ಹತ್ತಿರ ಒಂದು ಚರ್ಚಿನವರು ನಡೆಸುತ್ತಿದ್ದ ಶಿಶುವಿಹಾರಕ್ಕೆ ನೀನು ಹೋಗುತ್ತಿದ್ದೆ. ನಿನ್ನ ಅಂಗಿಯ ಜೇಬಿನ ಮೇಲೆ ಅದರ ಹೆಸರು ಹೊಲಿದಿತ್ತು. ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿದೆ: ಮೆಥಡಿಸ್ಟ್. ಓದಲು ಬಂತು, ಅರ್ಥ ಬರಲಿಲ್ಲ.

ಅರ್ಥ ತಿಳಿಯಬೇಕಾಗಿ ಬಂದದ್ದು ನಿನ್ನಿಂದಲೇ. ಶಿಶುವಿಹಾರದವರು ಚರ್ಚಿನಲ್ಲಿ ಇಟ್ಟುಕೊಂಡಿದ್ದ ಅಜ್ಜ ಅಜ್ಜಿಯರ ದಿನಕ್ಕೆ ನಾನು ಬರಲೇಬೇಕೆಂದು ಹಟ ಹಿಡಿದೆ. ನಿನ್ನ ಅಜ್ಜ ತೀರಿಕೊಂಡಿದ್ದರು, ಅಮ್ಮನ ಕಡೆಯವರು ಮೈಸೂರಿನಲ್ಲಿ. ಇದ್ದವಳು ನಾನೊಬ್ಬಳೇ.

"ನೀನು ಬರ್ಲಿಲ್ಲ ಅಂದ್ರೆ ನಾನು ಟೀಚರ್ ಪಕ್ಕ ಕೂತ್ಕೋಬೇಕು, ಅಜ್ಜಿ. ಅದು ಅಳೋ ಬೇಬಿಗಳು ಕೂರೋ ಜಾಗ!"

ಹೊಸಬರೆದುರು ನನ್ನ ಹೆಸರು ಹೇಳಲೂ ನಾಚುವವಳು ನಾನು. ಹೋಗುವ ಮನೆ ಎಂಥವರದು ಎಂದು ತಿಳಿಯದೆ ಹೋಗುವುದು ಹೇಗೆ? ನಿನ್ನ ಅಪ್ಪನನ್ನು ಕೇಳಿದೆ. "ಕ್ರಿಶ್ಚಿಯನ್ಸಲ್ಲಿ ಒಂದು ಟೈಪ್, ಅಮ್ಮ" ಎಂದು ಫೋನಿನಿಂದ ತಲೆ ಎತ್ತದೆ ಹೇಳಿದ. ಅಷ್ಟು ನನಗೂ ಗೊತ್ತಿತ್ತು.

ಕೊನೆಗೆ, ಸಂಜೆ ವಾಯ್ಡ್ ಡೆಕ್ಕಿನ, ಅಂದರೆ ನಮ್ಮ ಕಟ್ಟಡದ ಕೆಳಗಿನ ತೆರೆದ ಜಗಲಿಯ, ಬೆಂಚಿನಲ್ಲಿ ನನ್ನ ಜೊತೆ ಕೂರುತ್ತಿದ್ದ ತಮಿಳು ಆಂಟಿಯನ್ನು ಕೇಳಿದೆ. ಅವರು ಹುಟ್ಟಾ ಮೆಥಡಿಸ್ಟರು. ಅವರ ತಮಿಳು, ನನ್ನ ಕನ್ನಡ, ಎರಡೂ ಸೇರಿ ಮಾತು ಹೇಗೋ ಸಾಗುತ್ತಿತ್ತು.

"ಅದು ಗೇಲಿ ಮಾಡಿ ಇಟ್ಟ ಹೆಸರಮ್ಮಾ" ಎಂದು ನಕ್ಕರು. ಬಹಳ ಹಿಂದೆ ಇಂಗ್ಲೆಂಡಿನಲ್ಲಿ ಕಾಲೇಜಿನ ಕೆಲವು ಹುಡುಗರು ಪ್ರಾರ್ಥನೆಗೆ ಇಂಥ ಹೊತ್ತು, ಉಪವಾಸಕ್ಕೆ ಇಂಥ ದಿನ, ಜೈಲಿನಲ್ಲಿದ್ದವರನ್ನು ನೋಡಿಬರಲು ಇಂಥ ದಿನ ಎಂದು ಕಟ್ಟಳೆ ಮಾಡಿಕೊಂಡಿದ್ದರಂತೆ. ಎಲ್ಲಕ್ಕೂ ಒಂದು ಮೆಥಡ್, ಅಂದರೆ ಕ್ರಮ. ಉಳಿದ ಹುಡುಗರು "ಬಂದ್ರು ನೋಡ್ರೋ ಮೆಥಡಿಸ್ಟರು" ಎಂದು ಆಡಿಕೊಂಡರಂತೆ. ಇವರು ಸಿಟ್ಟಾಗದೆ ಅದನ್ನೇ ಇಟ್ಟುಕೊಂಡರು. ಈಗ ಚರ್ಚಿಗೂ ಅದೇ ಹೆಸರು, ಶಾಲೆಗೂ ಅದೇ, ನಿನ್ನ ಜೇಬಿಗೂ ಅದೇ.

ನನಗಿದು ಹೊಸದೆನಿಸಲಿಲ್ಲ. ನಮ್ಮೂರಿನಲ್ಲಿ ಒಬ್ಬ ಮುತ್ತಜ್ಜ ಜಿಪುಣತನಕ್ಕೆ ಮೂರು ಹೊತ್ತೂ ಗಂಜಿ ಕುಡಿದನೆಂದು ಜನ ಆ ಮನೆಯನ್ನು ಗಂಜಿ ಮನೆ ಎಂದರು. ಅವನ ಮರಿಮಕ್ಕಳು ಲಗ್ನಪತ್ರಿಕೆಯಲ್ಲಿ "ಗಂಜಿ ಮನೆತನ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು.

ಊಟದ ಹೊತ್ತಿಗೆ ಇದನ್ನು ಹೇಳಿದಾಗ ನಿನ್ನ ಅಮ್ಮ ಸೌಟು ಹಿಡಿದೇ ನಕ್ಕಳು. "ಅತ್ತೆ, ಹಾಗಾದ್ರೆ ನಮ್ಮನೇಲೂ ಒಬ್ರಿದಾರೆ. ಸ್ನಾನ ಆಗ್ದೆ ಸ್ಟವ್ ಹಚ್ಚಲ್ಲ, ಏಕಾದಶಿಗೆ ಅನ್ನ ಮುಟ್ಟಲ್ಲ, ಹಾಲು ಉಕ್ಕೋವಾಗ ಯಾರೇ ಫೋನ್ ಮಾಡ್ಲಿ ಎತ್ತಲ್ಲ. ಪಕ್ಕಾ ಮೆಥಡಿಸ್ಟ್!"

ಅಂದಿನಿಂದ ನಾನು ನಿನಗೆ ಮೆಥಡಿಸ್ಟ್ ಅಜ್ಜಿಯಾದೆ. ಆಗಲಿ ಎಂದುಕೊಂಡೆ. ಕ್ರಮ ಬಲ್ಲವರ ಮನೆಯಾದರೆ ಹೋಗಬಹುದು.

ಹೋದದ್ದೂ ಕ್ರಮದ ಪ್ರಕಾರವೇ. ದೇವರಿರುವಲ್ಲಿಗೆ ಬರಿಗೈಯಲ್ಲಿ ಹೋಗಬಾರದಲ್ಲ! ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಹೂವು ಇಟ್ಟುಕೊಂಡೆ. ಚರ್ಚಿನ ಬಾಗಿಲಲ್ಲಿ ಚೀನೀ ಪಾದ್ರಿಯೊಬ್ಬರು ಎಲ್ಲರ ಕೈ ಕುಲುಕುತ್ತಿದ್ದರು. ಅವರಿಗೆ ತಟ್ಟೆ ಕೊಟ್ಟು, ಅರ್ಚನೆಗೆಂದು ಮೆಲ್ಲಗೆ ನಿನ್ನ ಹೆಸರು, ರಾಶಿ, ನಕ್ಷತ್ರ ಹೇಳಿದೆ. "ಥ್ಯಾಂಕ್ ಯು ಆಂಟಿ, ಥ್ಯಾಂಕ್ ಯು" ಎಂದು ಅವರು ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟರು. ನಾನು ಕೈ ಮುಗಿದು ನಿಂತೇ ಇದ್ದೆ. ಅವರು ಮುಗುಳ್ನಕ್ಕರು. ನಾನೂ ಮುಗುಳ್ನಕ್ಕೆ. ಹಿಂದೆ ಸಾಲು ಬೆಳೆಯಿತು.

"ಅಜ್ಜಿ, ಮುಗೀತು ಲಾ, ಬಾ!" ಎಂದೆ ನೀನು, ಅಲ್ಲಿಯವರಂತೆ ಮಾತಿಗೊಂದು "ಲಾ" ಸೇರಿಸಿ.

"ಇರು ಪುಟ್ಟಿ, ಇನ್ನೂ ಪ್ರಸಾದ ಕೊಟ್ಟಿಲ್ಲ. ಕಾಯಿ ಒಡೆದು ಒಂದು ಹೋಳು ನಮಗೆ ಕೊಡಬೇಕು."

ನೀನು ಪಾದ್ರಿಗಳ ಅಂಗಿ ಜಗ್ಗಿ ಇಂಗ್ಲಿಷಿನಲ್ಲಿ ಏನೋ ಹೇಳಿದೆ. ನನಗೆ ಕೇಳಿಸಿದ್ದು "ಹಾಫ್" ಎಂಬುದೊಂದೇ. ಭೂಮಿ ಬಾಯಿ ಬಿಡಬಾರದೇ ಎನಿಸಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಅವರು ನಗಲಿಲ್ಲ. ಕಾಯನ್ನು ತಿರುಗಿಸಿ ತಿರುಗಿಸಿ ನೋಡಿ, ಅದು ತಮ್ಮಿಂದಾಗದೆಂದು ಕೆಳಗಿಟ್ಟರು. ಎರಡು ಬಾಳೆಹಣ್ಣು ಮುರಿದು, ಬಗ್ಗಿ, ಎರಡೂ ಕೈಯಿಂದ ನನಗೆ ಕೊಟ್ಟರು. ಕಣ್ಣಿಗೊತ್ತಿಕೊಂಡೆ.

ಒಂದನ್ನು ನೀನು ಅಲ್ಲೇ ಸುಲಿದು ತಿಂದೆ. ಒಳಗೆ ಮುಂದಿನ ಸಾಲಿನಲ್ಲಿ ಒಂದೇ ಕುರ್ಚಿ ಖಾಲಿ ಇತ್ತು. ಅದರಲ್ಲಿ ನಾನು ಕೂತೆ. ಪಕ್ಕದ ಚೀನೀ ಅಜ್ಜ ನನ್ನ ಕೈಯ ಹಣ್ಣು ನೋಡಿ, ಎಲ್ಲಿ ಕೊಡುತ್ತಿದ್ದಾರೆ ಎಂದು ನಿನ್ನನ್ನು ಸನ್ನೆಯಲ್ಲಿ ಕೇಳಿದ. ನೀನು ಬಾಗಿಲು ತೋರಿಸಿದೆ. ಅವನು ಎದ್ದು ಹೋದ. ನೀನು ಅವನ ಕುರ್ಚಿ ಹತ್ತಿ, ನನ್ನ ತೋಳಿಗೆ ತೋಳು ಹೆಣೆದು, ಇನ್ನು ಯಾರು ಬಂದರೂ ಏಳುವುದಿಲ್ಲ ಎಂಬಂತೆ ಕೂತುಬಿಟ್ಟೆ.