ಅತ್ತೆಯ ಜಗಲಿಗೆ ಸೋಯಾ ದೀಪ

ಅತ್ತೆಯ ಸೆರಗಿಗೆ ಕಿಡಿ ತಗುಲಿದ ದಿನ ಮನೆಯ ಗಂಡಸರೆಲ್ಲ ಪಂಚಾಯಿತಿ ಕೂಡಿ, ದೇವರ ಜಗಲಿಯ ಎಣ್ಣೆದೀಪ ತೆಗೆಸಿದರು. ಕೈ ನಡುಗುತ್ತದೆ, ಎಣ್ಣೆ ಚೆಲ್ಲುತ್ತದೆ, ಇನ್ನು ಸಾಕು ಎಂದು ತೀರ್ಪು. ಅದರ ಜಾಗಕ್ಕೆ ಉದಗೀರದ ಬಜಾರಿನಿಂದ ಕೆಂಪು ಮಿಣಮಿಣ ಬಲ್ಬು ಬಂತು. ಅತ್ತೆ ಒಮ್ಮೆ ನೋಡಿದರು. "ಇದು ದೇವರ ಜಗಲಿನೋ, ಪಾನ್ ಅಂಗಡಿನೋ?" ಎಂದರು. ಆಮೇಲೆ ಅತ್ತ ಮುಖ ಹಾಕಲಿಲ್ಲ. ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕಿಂತಲೂ ಕಡಿಮೆಯಾಯಿತು.

ಆ ಎಣ್ಣೆದೀಪದ ಬಗ್ಗೆ ಅವರಿಗೆ ಭಾರೀ ಜಂಬ. ತೊಂಬತ್ಮೂರರ ಭೂಕಂಪದಲ್ಲಿ ಗುಂಜೋಟಿಯ ನಮ್ಮ ಹಳೇ ಮನೆಯ ಗೋಡೆ ಬಾಯಿ ಬಿಟ್ಟರೂ ಗೂಡಿನ ದೀಪ ಆರಲಿಲ್ಲವಂತೆ. "ಎಲ್ಲಾರೂ ಬಯಲಿಗಿ ಓಡಿದ್ರಿ, ನೋಡ್ದೋರು ಯಾರವ್ವಾ?" ಎಂದು ನಮ್ಮ ಯಜಮಾನರು ಕೆಣಕಿದರೆ, "ದೇವರು ಓಡಿದ್ದಿಲ್ಲ, ಅಂವಾ ನೋಡ್ಯಾನ" ಎನ್ನುತ್ತಿದ್ದರು. ಈಗ ಕೆಣಕಿದರೆ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು.

ನಿಜ ಹೇಳುತ್ತೇನೆ, ನನಗೆ ಅವರ ಭಕ್ತಿಗಿಂತ ಬೈಗುಳವೇ ಇಷ್ಟ. ಅತ್ತೆ ಬೈಯದ ಮನೆ ಬಿಕೋ ಎನ್ನತೊಡಗಿತು. ಚೆಲ್ಲದ, ಉರುಳದ ದೀಪವೊಂದನ್ನು ಮಾಡಿಕೊಟ್ಟೇ ತೀರುತ್ತೇನೆಂದು ಹಟ ಹಿಡಿದು, ಗಾಜಿನ ಬಾಟಲಿಯಲ್ಲಿ ಉರಿಯುವ ಸೋಯಾ ಮೇಣದ ಬೆನ್ನು ಹತ್ತಿದೆ. ಮೇಣ ಪುಣೆಯಿಂದ ಪಾರ್ಸಲ್ ಬಂತು. ನಿಲಂಗಾ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರ ಮಾಡುವ ಯಜಮಾನರು ಹಣೆ ಬಡಿದುಕೊಂಡರು. "ಇಲ್ಲಿ ಓಣಿ ತುಂಬ ಸೋಯಾಬೀನ್ ಬಿದ್ದಾದ, ನೀ ಪುಣೆದಿಂದ ಸೋಯಾ ತರಸ್ತಿ. ನಾಳಿ ಎತ್ತಿಗೇ ಹೆಸರಾದ ದೇವಣಿಯವರಿಗಿ ಅಲ್ಲಿಂದೇ ಎತ್ತ ತರಸಿ ಕೊಡು."

"ನೀವು ಮಾರೋದು ಕಾಳು ರೀ. ಇದು ಅದರ ಎಣ್ಣಿ ಗಟ್ಟಿ ಮಾಡಿದ್ದು," ಎಂದೆ. ಮೇಣದ ದೀಪ ಶಿವನಿಗೆ ನಡೆಯುತ್ತದೆಯೇ ಎಂಬ ಚಿಂತೆ ನನಗಿರಲಿಲ್ಲ. ವಿಷ ಕುಡಿದು ಅರಗಿಸಿಕೊಂಡವನಿಗೆ ಸೋಯಾ ಏನು ಮಹಾ?

ಮೊದಲು ಅತ್ತೆ ಹೊಸೆದಿಟ್ಟ ಹತ್ತಿಯ ಬತ್ತಿಯನ್ನೇ ನಿಲ್ಲಿಸಿದೆ. ಮೇಣ ಕರಗಿದ್ದೇ ತಡ, ಅದು ಕುಡುಕನ ಹಾಗೆ ಮಗ್ಗುಲಿಗೆ ಬಿದ್ದು ಮುಳುಗಿತು. ಬುಡಕ್ಕೆ ತಗಡಿನ ಬಿಲ್ಲೆಯಿದ್ದ ಹೆಣೆದ ಬತ್ತಿ ತರಿಸಿದೆ. ಸಣ್ಣದು ನಟ್ಟನಡುವೆ ಬಾವಿ ತೋಡಿತು, ಸುತ್ತಲಿನ ಮೇಣ ಕರಗಲೇ ಇಲ್ಲ. ದಪ್ಪದ್ದು ಹೊಗೆಯುಗುಳಿ, ಮೇಣ ತುಂಬಿದ್ದ ಉಪ್ಪಿನಕಾಯಿ ಬಾಟಲಿಯ ಕತ್ತು ಮಸಿ ಮಾಡಿತು. ನಮ್ಮ ಬೇಸಿಗೆಗೆ ಬರೀ ಸೋಯಾ ಬೆವರಿ ಮೆತ್ತಗಾಗುತ್ತದೆಂದು ಜೇನುಮೇಣ ಬೆರೆಸಿದೆ. ಹೆಚ್ಚಾದರೆ ಉರಿ ಕುಗ್ಗಿತು, ಕಡಿಮೆಯಾದರೆ ಮತ್ತೆ ಬೆವರು. ಒಲೆ ಪೂರ್ತಿ ಮೇಣದ ಪಾತ್ರೆಗಳದೇ ಕಾರುಬಾರು. "ಇವತ್ತ ಮೇಣದ್ದೇ ಸಾರೇನ?" ಎಂದು ಯಜಮಾನರು ಇಣುಕಿ ಹೋಗುತ್ತಿದ್ದರು.

ಕೊನೆಗೊಂದು ಬೆರಕೆ ಕುದುರಿತು. ಮೊದಲ ದಿನ ಚಂದ ಉರಿಯಿತು. ಮರುದಿನ ಹಚ್ಚಿದರೆ ಚಟಪಟ ಸಿಡಿದು ಆರಿತು. ಬತ್ತಿ ಬದಲಿಸಿದೆ, ಮೇಣ ಬದಲಿಸಿದೆ, ಅದೇ ಹಾಡು. ಪುಣೆಯ ವ್ಯಾಪಾರಿಗೆ ಫೋನಿನಲ್ಲೇ ಮಂಗಳಾರತಿ ಎತ್ತಿದೆ.

ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದರೆ, ಅತ್ತೆ ಹಾಲಿನ ಬಟ್ಟಲು ಹಿಡಿದು ಉರಿಯುವ ಬತ್ತಿಯ ಮೇಲೆ ಹೂವಿನಿಂದ ಹಾಲು ಬಿಡುತ್ತಿದ್ದಾರೆ. ಪರೀಕ್ಷೆಗೆಂದು ನಾನು ದಿನಾ ದೀಪ ಹಚ್ಚಿ, ಕೆಲ ತಾಸು ಬಿಟ್ಟು, ಫೂ ಎಂದು ಊದಿ ಆರಿಸುತ್ತಿದ್ದೆ. ನಮ್ಮ ಮನೆಗಳಲ್ಲಿ ದೀಪವನ್ನು ಬಾಯಿಂದ ಊದುವಂತಿಲ್ಲ, ಹಾಲು ಬಿಟ್ಟು ಶಾಂತ ಮಾಡಬೇಕು. ಈಚೆಗೆ ನನ್ನ ಬಾಯಿ ತಲುಪುವ ಮೊದಲೇ ಅವರ ಹಾಲು ತಲುಪುತ್ತಿತ್ತು; ದೀಪ ತಾನೇ ಆರಿತೆಂದು ನಾನು ತಿಳಿದಿದ್ದೆ, ಆ ಹಾಲಿನ ಪಸೆಗೇ ಬತ್ತಿ ಮರುದಿನ ಸಿಡಿಯುತ್ತಿತ್ತು.

"ಎಂಜಲ ಬಾಯಿಲೆ ಊದ್ತಿ, ಹೇಸಿ. ಬಾಟಲ್ಯಾಗಿದ್ರೂ ಅದು ದೀಪನೇ," ಎಂದರು.

ಪುಣೆಯವನಿಗೆ ಹಾಕಿದ ಶಾಪವೆಲ್ಲ ಹಾಲು ಕೊಟ್ಟ ನಮ್ಮ ಎಮ್ಮೆಗೆ ಸಲ್ಲಬೇಕಿತ್ತು. ಸಿಟ್ಟೂ ಬಂತು, ನಗುವೂ ಬಂತು. ಆದರೆ ಬಹಳ ದಿನದ ಮೇಲೆ ಬೈಸಿಕೊಂಡಿದ್ದೆ, ಹೊಟ್ಟೆ ತಣ್ಣಗಾಯಿತು. ಇನ್ನು ಮುಚ್ಚಳ ಮುಚ್ಚಿ ಆರಿಸುವುದೆಂದು ಇಬ್ಬರೂ ರಾಜಿಯಾದೆವು.

ಹಾಲು ನಿಂತದ್ದೇ ದೀಪ ಸರಿಹೋಯಿತು. ಹೊಗೆಯಿಲ್ಲ, ಬಾವಿಯಿಲ್ಲ. ಬಲ್ಬು ಕಿತ್ತು, ಬಾಟಲಿಯ ದೀಪ ಹಚ್ಚಿ ಜಗಲಿಯ ಮೇಲಿಟ್ಟು, ಅತ್ತೆಯನ್ನು ಕರೆತಂದು ಕೂರಿಸಿದೆ. ಬಹಳ ಹೊತ್ತು ನೋಡಿದರು. "ಚಂದ ಅದ," ಎಂದು ಏಳತೊಡಗಿದರು.

"ಮತ್ತ್ಯಾಕ ಹೊಂಟ್ರಿ? ಚೆಲ್ಲಲ್ಲ, ಬೀಳಲ್ಲ, ಎಣ್ಣಿ ಹಾಕೋ ತ್ರಾಸೂ ಇಲ್ಲ," ಎಂದೆ.

"ಅದಕ್ಕೇ ಹೊಂಟೀನಿ. ಆ ಬಲ್ಬ ನನ್ನ ಕಡಿಂದ ಏನೂ ಕೇಳಲಿಲ್ಲ, ಇದೂ ಕೇಳಲ್ಲ. ಮತ್ತ ನಾ ಇಲ್ಲಿ ಕುಂತ ಏನ ಮಾಡ್ಲಿ?"

ಇಷ್ಟು ದಿನ ಬತ್ತಿಯ ದಪ್ಪ ಅಳೆಯುತ್ತ ಕೂತಿದ್ದೆ, ಇವರಿಗೇನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ಒಳಗೆ ಹೋಗಿ ಪಾರ್ಸಲ್ಲಿನಲ್ಲಿ ಉಳಿದಿದ್ದ ಮೇಣ ತಂದೆ. ಅವಲಕ್ಕಿಯಂಥ ಬಿಳಿ ಚೂರುಗಳು. ಒಂದು ಬಟ್ಟಲಿಗೆ ಸುರಿದು, ಚಮಚ ಇಟ್ಟು, ಅವರ ತೊಡೆಯ ಮೇಲಿಟ್ಟೆ.

"ಕೇಳ್ತದ ರೀ ಅತ್ತಿ. ದಿನಾ ಸ್ವಲ್ಪ ಸ್ವಲ್ಪ ಹಾಕ್ಬೇಕು."

ಅವರ ಕೈ ನಡುಗಿತು. ಅರ್ಧದಷ್ಟು ಚೂರುಗಳು ಜಗಲಿಗೆ, ಸೀರೆಗೆ ಬಿದ್ದವು, ಬಿದ್ದಲ್ಲೇ ಒಣ ಚೂರಾಗಿಯೇ ಉಳಿದವು. ಅತ್ತೆ ಸೀರೆ ಕೊಡವಿದರು, ಕಲೆ ಇಲ್ಲ. ಬಾಟಲಿಗೆ ಬಿದ್ದದ್ದು ಮೆಲ್ಲಗೆ ಕರಗಿತು. ಬಗ್ಗಿ ನೋಡಿ ಇನ್ನೊಂದು ಚಮಚ ತುಂಬಿಕೊಂಡರು.

"ಸಾವಕಾಶ ರೀ, ಬತ್ತಿ ಮುಳುಗ್ತದ."

"ನಿನ್ನ ಗಂಡಗ ಉಣಸಿ ಬೆಳಸೀನಿ. ಇದಕ್ಕ ಎಷ್ಟ ಹಾಕ್ಬೇಕಂತ ನೀ ನನಗ ಕಲಸ್ತಿ ಏನ? ಆಕಡಿ ಸರಿ."

ಸರಿದೆ.