ಅಪ್‌ಡೇಟ್ ಬರುವವರೆಗೆ ಎಲ್ಲವೂ ಸರಿ

ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿಯ ಅಕ್ಟೋಬರ್ ತಿಂಗಳು. ಆಗ ನನಗೆ ಐವತ್ತಾರು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಆ ತಿಂಗಳು ನಾನು ನನ್ನ ಮೊಬೈಲ್ ಫೋನಿನ ಅಪ್‌ಡೇಟಿಗಾಗಿ ಕಾಯತೊಡಗಿದೆ. ಕಾಯುವವನು ಬೇರೇನನ್ನು ಮರೆತರೂ ಕಾಯಲು ಕುಳಿತ ದಿನವನ್ನು ಮರೆಯುವುದಿಲ್ಲ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ಒಂದು ಮಹಾಪ್ರಾಣ ತಪ್ಪಿದರೂ ಉತ್ತರಪತ್ರಿಕೆಯನ್ನು ಕೆಂಪು ಮಾಡುತ್ತಿದ್ದ ಮೇಷ್ಟರು ಟೆಕ್ಸಸ್ಸಿನ ಡಾಲಸ್ ಪಕ್ಕದ ಯೂಲೆಸ್ಸಿನಲ್ಲಿ ಕುಳಿತು ದಿನಕ್ಕೆ ನಾಲ್ಕು ಸಲ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡುತ್ತಿದ್ದರೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬಲಾರರು. ನಂಬಲಿ ಎಂಬ ಆಸೆಯೂ ನನಗಿಲ್ಲ.

ಇದರ ಮೂಲ ನನ್ನ ಕಿವಿ. ನಮ್ಮ ಮನೆ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. ಬಂದ ಹೊಸದರಲ್ಲಿ ಪ್ರತಿ ವಿಮಾನಕ್ಕೂ ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತು. ವರ್ಷಗಳು ಕಳೆದಂತೆ ಆ ಸದ್ದು ಇಳಿಯುತ್ತ ಬಂತು. ಎಂಜಿನುಗಳನ್ನು ಎಷ್ಟು ಮೆದುವಾಗಿ ಮಾಡಿದ್ದಾರೆ ನೋಡು ಎಂದು ಹೆಂಡತಿ ಸುಧಾಳ ಮುಂದೆ ನಾನು ಒಂದಕ್ಕಿಂತ ಹೆಚ್ಚು ಸಲ ಅಮೆರಿಕದ ವಿಜ್ಞಾನವನ್ನು ಹೊಗಳಿದ್ದುಂಟು. ಅವಳು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ದೋಷ ಎಲ್ಲಿದೆ ಎಂಬುದನ್ನು ಹುಡುಕುವುದೇ ವೃತ್ತಿ. ಮೂರನೆಯ ಸಲ ಹೊಗಳಿದಾಗ ನನ್ನನ್ನು ಕಿವಿಯ ಪರೀಕ್ಷೆಗೆ ಕರೆದೊಯ್ದಳು. ವಿಮಾನಗಳು ಹಿಂದಿನಂತೆಯೇ ಗದ್ದಲ ಮಾಡುತ್ತಿವೆ ಎಂದು ತಿಳಿಯಿತು.

ಶ್ರವಣಸಾಧನ ಕೊಂಡೆವು. ಇಲ್ಲಿ ಅದನ್ನು ಅಂಗಡಿಯಿಂದ ನೇರವಾಗಿ ತರಬಹುದು. ಪುಟ್ಟ ಪೆಟ್ಟಿಗೆ, ಅದರೊಳಗೆ ಕಡಲೆಬೀಜದ ಗಾತ್ರದ ಎರಡು ಯಂತ್ರಗಳು, ಜೊತೆಗೆ ಒಂದು ಕೈಪಿಡಿ. ಕೈಪಿಡಿಯ ಮೊದಲನೆಯ ಹಂತ: ಫೋನಿನಲ್ಲಿ ನಮ್ಮ ಆ್ಯಪ್ ಹಾಕಿಕೊಳ್ಳಿ. ಹಾಕಿಕೊಳ್ಳಲು ಹೋದರೆ ನನ್ನ ಫೋನು, ತನ್ನ ಆಪರೇಟಿಂಗ್ ಸಿಸ್ಟಮ್ ಹಳೆಯದು, ಹೊಸದು ಬಂದ ಮೇಲೆ ನೋಡೋಣ ಎಂದಿತು. ಮೊದಲ ಪ್ರಶ್ನೆಗೆ ಉತ್ತರಿಸದೆ ಎರಡನೆಯದಕ್ಕೆ ಹಾರುವ ಹುಡುಗರನ್ನು ಜೀವನವಿಡೀ ಗದರಿಸಿಕೊಂಡು ಬಂದವನು ನಾನು. ಕೈಪಿಡಿಯನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟೆ. ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟೆ.

ಅಪ್‌ಡೇಟ್ ಯಾವಾಗ ಬರುತ್ತದೆ ಎಂದು ವಿಚಾರಿಸುವುದು ಕೂಡ ಸುಲಭದ ಕೆಲಸವಾಗಿರಲಿಲ್ಲ. ನಮ್ಮದು ಫ್ಯಾಮಿಲಿ ಪ್ಲಾನ್, ಅಂದರೆ ಹಲವು ಫೋನುಗಳಿಗೆ ಒಂದೇ ಖಾತೆ, ಒಂದೇ ಬಿಲ್ಲು. ಇಲ್ಲಿಯ ಕನ್ನಡಿಗರ ಫ್ಯಾಮಿಲಿ ಪ್ಲಾನಿನಲ್ಲಿ ಇರುವಷ್ಟು ದೊಡ್ಡ ಕುಟುಂಬಗಳು ಈಗ ಕರ್ನಾಟಕದಲ್ಲೂ ಸಿಗಲಾರವು. ನಮ್ಮದರಲ್ಲಿ ಮೂರು ಊರುಗಳ ಮೂರು ಮನೆಗಳಿವೆ. ಹ್ಯೂಸ್ಟನ್ನಿನಲ್ಲಿ ದಿನಸಿ ಅಂಗಡಿ ನಡೆಸುವ ಧಾರವಾಡದ ಪಾಟೀಲರು ಯಜಮಾನರು. ಆಸ್ಟಿನ್ನಿನ ಸಾಫ್ಟ್‌ವೇರ್ ಎಂಜಿನಿಯರ್ ರಘು, ಅಂದರೆ ನನ್ನ ಹಳೆಯ ವಿದ್ಯಾರ್ಥಿ, ಒಂದು ಮನೆ. ಡಾಲಸ್ ಕಡೆಯಿಂದ ನಾವು. ಒಂದೇ ದಿನ, ಒಂದೇ ಮಾದರಿಯ, ಫೋನ್ ಸೇವೆ ಕೊಡುವ ಕಂಪನಿಯ ಮುದ್ರೆಯೊತ್ತಿದ ಫೋನುಗಳನ್ನು ತೆಗೆದುಕೊಂಡಿದ್ದೆವು. ಖಾತೆ ಪಾಟೀಲರ ಹೆಸರಿನಲ್ಲಿರುವುದರಿಂದ ಗ್ರಾಹಕ ಸೇವೆಯವರು ಅವರೊಡನೆ ಮಾತ್ರ ಮಾತನಾಡುತ್ತಾರೆ. ಹೀಗಾಗಿ ನಾನು ಪಾಟೀಲರಿಗೆ ಫೋನ್ ಮಾಡಿ, ಅವರು ಅಕ್ಕಿ ತೂಗುವುದನ್ನು ನಿಲ್ಲಿಸಿ, ಮೂವರ ಕರೆ ಜೋಡಿಸಿ, ಈತ ನಮ್ಮ ಮನೆಯವನೇ ಎಂದು ಸಾಕ್ಷಿ ನುಡಿಯಬೇಕು. ಆಚೆಯ ಮಹಿಳೆ ಬಹಳ ಸಜ್ಜನಿಕೆಯಿಂದ, ಅಪ್‌ಡೇಟ್ ಶೀಘ್ರದಲ್ಲೇ ಬರಲಿದೆ ಎಂದಳು. ನವೆಂಬರಿನಲ್ಲೂ ಶೀಘ್ರ, ಡಿಸೆಂಬರಿನಲ್ಲೂ ಶೀಘ್ರ. ಇಷ್ಟು ನಿಧಾನವಾಗಿ ಚಲಿಸುವ ಶೀಘ್ರವನ್ನು ನಾನು ಯಾವ ನಿಘಂಟಿನಲ್ಲೂ ಕಂಡಿರಲಿಲ್ಲ.

ರಘುವನ್ನು ಕೇಳಿದೆ. ಫೋನು ತಯಾರಿಸಿದವರು ಅಪ್‌ಡೇಟನ್ನು ಎಂದೋ ಸಿದ್ಧಪಡಿಸಿದ್ದಾರಂತೆ. ಮುಕ್ತವಾಗಿ ಮಾರಿದ ಫೋನುಗಳಿಗೆ ಅದು ತಲುಪಿಯೂ ಆಗಿದೆಯಂತೆ. ನಮ್ಮದರಂತೆ ಸೇವಾ ಕಂಪನಿಯ ಮುದ್ರೆ ಹೊತ್ತ ಫೋನಾದರೆ ಆ ಕಂಪನಿ ಅದನ್ನು ತಾನೇ ಮತ್ತೊಮ್ಮೆ ಪರೀಕ್ಷಿಸಿ, ಒಪ್ಪಿ, ಆಮೇಲೆ ಕಂತುಕಂತಾಗಿ ಬಿಡುತ್ತದೆ.

“ಕ್ಯಾರಿಯರ್ ಫೋನ್ ಅಂದ್ರೆ ಹಾಗೇ ಸಾರ್,” ಎಂದ ರಘು. “ಆದ್ರೂ ನಿಮಗೆ ಯಾಕೆ ಸಾರ್ ಇಷ್ಟು ಅರ್ಜೆಂಟು? ಹೊಸ ಎಮೋಜಿ ಬೇಕಾ?”

ಹೌದೆಂದೆ. ಕಿವುಡನೆನ್ನಿಸಿಕೊಳ್ಳುವುದಕ್ಕಿಂತ ಎಮೋಜಿಗೆ ಆಸೆಪಡುವವನೆನ್ನಿಸಿಕೊಳ್ಳುವುದು ಮೇಲೆಂದು ಆ ಕ್ಷಣಕ್ಕೆ ತೋರಿತು.

ಅವನ ವಿವರಣೆ ನನಗೆ ಹೊಸದೇನೂ ಆಗಿರಲಿಲ್ಲ. ಪಂಚಾಂಗವನ್ನು ನೋಡಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಚಂದ್ರ ತನ್ನ ತಿಥಿಯನ್ನು ಸಕಾಲಕ್ಕೆ ಬಿಡುಗಡೆ ಮಾಡಿರುತ್ತಾನೆ. ಅದನ್ನು ಈ ಮಠದವರು ಒಂದು ಬಗೆಯಾಗಿ, ಆ ಮಠದವರು ಇನ್ನೊಂದು ಬಗೆಯಾಗಿ ಗಣಿಸಿ, ತಮ್ಮ ಶಿಷ್ಯರಿಗೆ ತಮ್ಮ ಮುದ್ರೆಯೊತ್ತಿ ಕಳಿಸುತ್ತಾರೆ. ನಾವು ಡಾಲಸ್ಸಿನಲ್ಲಿ ಏಕಾದಶಿಯ ಉಪವಾಸ ಮುಗಿಸಿ ಊಟಕ್ಕೆ ಕುಳಿತ ಹೊತ್ತಿಗೆ ಹ್ಯೂಸ್ಟನ್ನಿನ ಪರಿಚಿತರೊಬ್ಬರು ಉಪವಾಸ ಆರಂಭಿಸಿದ್ದನ್ನು ಕಂಡಿದ್ದೇನೆ. ಸೌರಮಾನಕ್ಕೂ ಚಾಂದ್ರಮಾನಕ್ಕೂ ಹೊಂದಿಕೆ ತಪ್ಪಿ ಹಬ್ಬಗಳು ಋತು ಬಿಟ್ಟು ಜಾರಬಾರದೆಂದು ಮೂರು ವರ್ಷಕ್ಕೊಮ್ಮೆ ಸೇರಿಸುವ ಅಧಿಕಮಾಸವಾದರೂ ಏನು? ಕಾಲಕ್ಕೆ ನಮ್ಮ ಹಿರಿಯರು ಹಾಕಿದ ಅಪ್‌ಡೇಟೇ. ಆದರೆ ಅದು ಯಾವಾಗ ಬರುತ್ತದೆಂದು ಅವರು ಮುಂಚಿತವಾಗಿಯೇ ಅಚ್ಚು ಹಾಕಿಸುತ್ತಿದ್ದರು. ಶೀಘ್ರದಲ್ಲೇ ಎಂದು ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಪಾಟೀಲರೇ ಫೋನ್ ಮಾಡಿದರು. ಧ್ವನಿಯಲ್ಲಿ ದುಃಖವಿತ್ತು. ಅವರ ಧ್ವನಿ ಮಾತ್ರ ನನಗೆ ಯಾವ ಯಂತ್ರದ ನೆರವೂ ಇಲ್ಲದೆ ಕೇಳುತ್ತದೆ.

“ಸರ, ಆ ನಿಮ್ಮ ಅಪ್‌ಡೇಟ್ ನನ್ನ ಫೋನಿಗೆ ಬಂದು ಕುಂತೈತ್ರಿ. ನಾ ಕರದಿದ್ದಿಲ್ಲ. ಇದ್ದ ಬಟನ್ ಒಂದೂ ಇದ್ದಲ್ಲಿ ಇಲ್ಲ. ನೀವರೆ ಬಂದು ತಗೊಂಡು ಹೋಗ್ರಿ.”

ಜನವರಿಯಲ್ಲಿ ರಘುವಿಗೂ ಬಂತು. ಒಂದೇ ಪ್ಲಾನು, ಒಂದೇ ಮಾದರಿ. ನನ್ನ ಫೋನು ಮಾತ್ರ, ನಿಮ್ಮ ವ್ಯವಸ್ಥೆ ಸದ್ಯದ ಮಟ್ಟಿಗೆ ಸರಿಯಾಗಿದೆ ಎಂದು ದಿನಕ್ಕೆ ನಾಲ್ಕು ಸಲ ಭರವಸೆ ಕೊಡುತ್ತಿತ್ತು. ಸುಧಾ ಒಮ್ಮೆ ಅಡುಗೆಮನೆಯಿಂದ ಬಂದು ಎದುರಿಗೇ ನಿಂತು, “ಅದು ಬರೋವರೆಗೂ ನಾನು ಹೀಗೇ ಕೂಗಾಡ್ಕೊಂಡಿರಬೇಕಾ?” ಎಂದಳು. ಶೀಘ್ರದಲ್ಲೇ ಬರುತ್ತದೆ ಎಂದೆ.

ಇಷ್ಟೇ ಆಗಿದ್ದರೆ ಇದು ಗಂಡಹೆಂಡಿರ ನಡುವಿನ ಮಾತಾಗಿ ಉಳಿಯುತ್ತಿತ್ತು. ಆದರೆ ಶನಿವಾರ ಬೆಳಗ್ಗೆ ಪಕ್ಕದ ಊರಾದ ಸೌತ್‌ಲೇಕಿನ ಒಬ್ಬರ ಮನೆಯ ಮಹಡಿಯಲ್ಲಿ ನಾನು ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಇಲ್ಲಿಯ ಮಕ್ಕಳು ಮನೆಯಲ್ಲಿ ಎಷ್ಟೇ ಕೂಗಿದರೂ ಕನ್ನಡ ಹೇಳಬೇಕಾದಾಗ ದನಿ ಗಂಟಲಿನಿಂದ ಮೇಲೇಳುವುದಿಲ್ಲ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಶಬ್ದ ನನ್ನವರೆಗೆ ಬರುತ್ತಿರಲಿಲ್ಲ. ಇನ್ನೊಮ್ಮೆ ಹೇಳು ಎಂದು ಎಷ್ಟು ಸಲ ಕೇಳಲಾದೀತು? ತುಟಿ ನಿಂತೊಡನೆ “ಸರಿ, ಚೆನ್ನಾಗಿದೆ” ಎನ್ನತೊಡಗಿದೆ. ಅಪ್‌ಡೇಟ್ ಬಂದ ಮೇಲೆ ಎಲ್ಲವನ್ನೂ ತಿದ್ದಿದರಾಯಿತು ಎಂಬುದು ನನ್ನ ಲೆಕ್ಕ.

ಇದರ ಪರಿಣಾಮ ಅದ್ಭುತವಾಗಿತ್ತು. ಮೇಷ್ಟರು ಎಷ್ಟು ಮೃದುವಾಗಿಬಿಟ್ಟಿದ್ದಾರೆ, ಮಕ್ಕಳಿಗೆ ಎಷ್ಟು ಪ್ರೋತ್ಸಾಹ ಕೊಡುತ್ತಾರೆ ಎಂದು ತಾಯಂದಿರು ಸುಧಾಳಿಗೆ ಹೇಳಿದರಂತೆ. ದೂರದ ಪ್ರಾಸ್ಪರ್ ಊರಿನಿಂದ ಕೂಡ ಇಬ್ಬರು ಮಕ್ಕಳು ಬಂದು ಸೇರಿದರು. ಇಪ್ಪತ್ತೆರಡು ವರ್ಷಗಳ ನಿಷ್ಠುರತೆ ತಂದುಕೊಡದ ಕೀರ್ತಿಯನ್ನು ನಾಲ್ಕು ತಿಂಗಳ ಕಿವುಡು ತಂದುಕೊಟ್ಟಿತು. ಹೊಗಳಿಕೆ ಮಾತ್ರ ಹೇಗೋ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾರ್ಚ್ ಎರಡನೆಯ ಶನಿವಾರ. ಯುಗಾದಿಯ ಕಾರ್ಯಕ್ರಮಕ್ಕೆಂದು ಹನ್ನೆರಡು ಮಾಸಗಳ ಹೆಸರುಗಳನ್ನು ಹೇಳಿಸುತ್ತಿದ್ದೆ. ಎಲ್ಲರೂ ಹೇಳಿದರು, ಎಲ್ಲವೂ ಸರಿಯಾಗಿತ್ತು. ಪಾಠ ಮುಗಿದು ಮಕ್ಕಳು ಕೆಳಗಿಳಿದ ಮೇಲೆ ಒಂಬತ್ತು ವರ್ಷದ ಅನಘಾ ಮಾತ್ರ ಹಿಂದೆ ಉಳಿದು, ನನ್ನ ಕುರ್ಚಿಯ ಪಕ್ಕಕ್ಕೇ ಬಂದು ನಿಂತಳು.

“ಅಂಕಲ್, ವಾಸ್ ಮೈನ್ ಕರೆಕ್ಟ್?”

ಸರಿಯಾಗಿತ್ತು ಎಂದೆ.

“ಐ ಸೆಡ್ ಚೈತ್ರ ಟ್ವೈಸ್. ಆನ್ ಪರ್ಪಸ್,” ಎಂದಳು. “ಹರ್ಷಿತಾ ಸೆಡ್ ಪಿಜ್ಜಾ ಟಾಪಿಂಗ್ಸ್. ಮಶ್ರೂಮ್ ಅಂಡ್ ಆಲಿವ್ಸ್. ನೀವು ಅವಳಿಗೂ ಚೆನ್ನಾಗಿದೆ ಅಂದ್ರಿ.”

ನಾನು ಕನ್ನಡಕವನ್ನು ತೆಗೆದು ಒರೆಸಿದೆ. ಕಿವಿಯ ದೋಷಕ್ಕೆ ಕನ್ನಡಕ ಒರೆಸುವುದರಿಂದ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಕೈಗೆ ಬೇರೆ ಕೆಲಸ ತೋರಲಿಲ್ಲ.

“ನಾನು ಎವ್ರಿ ಡೇ ಪ್ರಾಕ್ಟೀಸ್ ಮಾಡ್ತೀನಿ,” ಎಂದಳು ಆ ಹುಡುಗಿ. ಅವಳು ತಾನಾಗಿ ಅಷ್ಟು ಕನ್ನಡ ಮಾತಾಡಿದ್ದು ಅಂದೇ ಮೊದಲು. “ದೆನ್ ವೈ ಶುಡ್ ಐ ಕಮ್?”

ಅದರಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ಉತ್ತರ ಬೇಕಾದವರು ಕೇಳುವ ಪ್ರಶ್ನೆ ಅದು. ಮುಂದಿನ ವಾರ ಅವಳು ಬರುವುದೂ ಬಿಡುವುದೂ ನಾನು ಏನು ಹೇಳುತ್ತೇನೆ ಎಂಬುದರ ಮೇಲೆ ನಿಂತಿತ್ತು. ಯಾವ ಕ್ಯಾರಿಯರನ್ನೂ ಅದಕ್ಕೆ ಹೊಣೆ ಮಾಡುವಂತಿರಲಿಲ್ಲ. “ನನಗೆ ಸರಿಯಾಗಿ ಕಿವಿ ಕೇಳುವುದಿಲ್ಲ ಅನಘಾ,” ಎಂದೆ. ರಘುವಿಗೆ, ಪಾಟೀಲರಿಗೆ, ಒಂದು ಅರ್ಥದಲ್ಲಿ ನನಗೇ ಹೇಳಿಕೊಂಡಿರದ ಮಾತು ಅದು. ಅವಳು ಸ್ವಲ್ಪ ಯೋಚಿಸಿ, “ಓಕೆ. ನಮ್ಮ ಅಜ್ಜಿಗೂ ಹಾಗೇ. ಶೀ ಜಸ್ಟ್ ಟೆಲ್ಸ್ ಅಸ್,” ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಮನೆಗೆ ಬಂದವನೇ ಕಪಾಟಿನಿಂದ ಪೆಟ್ಟಿಗೆಯನ್ನು ತೆಗೆದೆ. ಅಕ್ಟೋಬರಿನಿಂದ ಮಡಿಸಿದಂತೆಯೇ ಇದ್ದ ಕೈಪಿಡಿಯ ಎರಡನೆಯ ಪುಟವನ್ನು ತಿರುವಿದೆ. ಅಲ್ಲಿ, ತಕ್ಕ ಫೋನು ಇಲ್ಲದವರು ಯಂತ್ರವನ್ನು ಕಿವಿಗೆ ಹಾಕಿಕೊಂಡು ಅದರ ಮೇಲಿನ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿಯಬೇಕು ಎಂದು ಬರೆದಿತ್ತು. ಅಷ್ಟೇ. ಎರಡೂ ಕಿವಿಗೆ ಹಾಕಿಕೊಂಡು, ಒತ್ತಿ ಹಿಡಿದು, ಸುಧಾಳಿಗೆ ಆ ಪುಟವನ್ನು ತೋರಿಸಿದೆ. ಅವಳು ಓದಿದಳು, ನನ್ನನ್ನು ನೋಡಿದಳು, ಗೊಣಗುವುದಕ್ಕೆ ಅಡುಗೆಮನೆಗೆ ಹೋದಳು. ನನಗೆ ಈಗ ಪಿಸುಮಾತೂ ಕೇಳಿಸುತ್ತದೆ ಎಂಬ ಎಚ್ಚರಿಕೆ ಇದ್ದಿರಬೇಕು.

ಮುಂದಿನ ಶನಿವಾರದ ತರಗತಿ ಬೇರೆಯೇ ಆಗಿತ್ತು. ಮೊದಲು ನಿಂತವಳು ಹರ್ಷಿತಾ. ವೈಶಾಖದ ನಂತರ ಪೈನಾಪಲ್ ಬಂದೊಡನೆ “ತಪ್ಪು” ಎಂದೆ. ಹತ್ತಾರು ಕಣ್ಣುಗಳು ಒಮ್ಮೆಲೇ ನನ್ನ ಕಿವಿಗಳತ್ತ ತಿರುಗಿದವು. ಮಧ್ಯಾಹ್ನದೊಳಗೆ, ಮೇಷ್ಟರು ಮತ್ತೆ ಸ್ಟ್ರಿಕ್ಟ್ ಆಗಿದ್ದಾರೆ ಎಂಬ ಸುದ್ದಿ ಪ್ರಾಸ್ಪರಿನವರೆಗೆ ಹಬ್ಬಿತ್ತು. ಸಂಪಾದಿಸಲು ನಾಲ್ಕು ತಿಂಗಳು ಹಿಡಿದ ಕೀರ್ತಿಯನ್ನು ಕಳೆಯಲು ಒಂದು ಹಣ್ಣು ಸಾಕಾಯಿತು.

ಕೊನೆಗೆ ಅನಘಾ ಎದ್ದು ನಿಂತಳು. ಅವಳು ಬಂದಿದ್ದಳು. ಆಶ್ವಯುಜದವರೆಗೆ ಸರಾಗವಾಗಿ ಹೋಗಿ, ಕಾರ್ತಿಕವನ್ನು ಬಿಟ್ಟು ಮಾರ್ಗಶಿರಕ್ಕೆ ದಾಟಿದಳು. ತಪ್ಪು ಎಂದೆ. ಆ ಮಗುವಿನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅಷ್ಟು ವರ್ಷಗಳ ವೃತ್ತಿಯಲ್ಲಿ ಕೆಂಪು ಶಾಯಿಗೆ ಅಂತಹ ಸ್ವಾಗತ ನಾನೆಂದೂ ಕಂಡಿರಲಿಲ್ಲ. ಈ ಸಲ ಬೇಕೆಂದು ಮಾಡಿದ ತಪ್ಪಲ್ಲ ಅದು. ಅವಳು ಚೈತ್ರದಿಂದ ಮತ್ತೆ ಆರಂಭಿಸಿದಳು.

ಆಗ ಮೇಜಿನ ಮೇಲಿದ್ದ ನನ್ನ ಫೋನು ಬೆಳಗಿತು. ಅಪ್‌ಡೇಟ್ ಸಿದ್ಧವಾಗಿದೆ, ಈಗಲೇ ಹಾಕಿಕೊಳ್ಳುವಿರಾ, ಆಮೇಲೆ ನೆನಪಿಸಬೇಕೆ ಎಂದು ಕೇಳಿತು. ಅನಘಾ ಆಷಾಢವನ್ನು ಮುಗಿಸಿ ಶ್ರಾವಣಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು. ಆ ಉಸಿರು ಕೂಡ ನನಗೆ ಕೇಳಿಸಿತು. ಆಮೇಲೆ ಎಂಬುದನ್ನು ಒತ್ತಿ ಫೋನನ್ನು ಮಗುಚಿಟ್ಟೆ. ಅಂದು ಎರಡು ಸಾವಿರದ ಇಪ್ಪತ್ತೈದನೆಯ ಇಸವಿ, ಮಾರ್ಚ್ ಹದಿನೈದು, ಶನಿವಾರ.